ಮುಂಬಯಿ ಮಳೆಗಾಲದಲ್ಲಿ ಮಕ್ಕಳ ಕೆಮ್ಮಿಗೆ ಮನೆಮದ್ದು ಸಾಕಾ?

ಮಾಮೂಲಿ ನೆಗಡಿ-ಕೆಮ್ಮಿಗೆ ಸಾಕು, ಜ್ವರ ಬಂದರೆ ಸಾಲದು. ಡೊಂಬಿವಲಿಯ ನಮ್ಮ ಮನೆಯಲ್ಲಿ ಕಿಟಕಿಯ ಗ್ರಿಲ್‌ನಲ್ಲೇ ದೊಡ್ಡಪತ್ರೆ ಕುಂಡ ಇದೆ (ಸುಮ್ನೆ ಒಂದು ಕಡ್ಡಿ ಚುಚ್ಚಿದರೂ ಚಿಗುರುತ್ತದೆ). ಎರಡು ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ಬಂದ ರಸಕ್ಕೆ ಅರ್ಧ ಚಮಚ ಜೇನು ಬೆರೆಸಿ ಮಲಗುವ ಮುಂಚೆ ಕೊಟ್ಟರೆ ಗಂಟಲ ಕೆರೆತ ಇಳಿದು ಮಕ್ಕಳು ನಿದ್ದೆ ಮಾಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಜೇನಿನದೇ. ಆದರೆ 1 ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬೇಡಿ, ಅಜ್ಜಿ ಎಷ್ಟೇ ಹೇಳಲಿ. ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು. ಇನ್ನು ಜ್ವರದ ವಿಷಯ: ಇಲ್ಲಿ ಜುಲೈ-ಆಗಸ್ಟ್‌ನಲ್ಲಿ ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿ ಜ್ವರ) ಎಲ್ಲ ಶುರುವಾಗುವುದೂ ಮಾಮೂಲಿ ಜ್ವರದ ಥರಾನೇ ಅಲ್ವಾ, ಹಾಗಾಗಿ ಕಷಾಯ ಕುದಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ.