ರಂಗಪ್ರಶ್ನೆ: ಬಿಳಿ ಹಾವಿನ ಕಥೆಗೆ ಹಾವು ಬೇಕಾ?

ಈ ಸಲ ಎಲ್ಲಾ ಪ್ರಶ್ನೆಗಳೂ ಒಂದೇ ತಂಡದವು. ಐದು ಜನರ ಪುಟ್ಟ ಪ್ರಯೋಗ ರಂಗತಂಡ, ಚೀನಾದ ಬಿಳಿ ಹಾವಿನ ಜನಪದ ಕಥೆ ಆಡಲು ಹೊರಟಿದೆ. ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬಿಳಿ ಹಾವೊಂದು ಬಾಯ್ ಸುಝೆನ್ ಎಂಬ ಹೆಣ್ಣಾಗಿ ಹಾಂಗ್‌ಝೌನ ಪಶ್ಚಿಮ ಸರೋವರಕ್ಕೆ ಬರುತ್ತಾಳೆ. ಜೊತೆಗೆ ಹಸಿರು ಹಾವು ಶಿಯಾವೊಚಿಂಗ್. ಮಳೆ, ದೋಣಿ, ಒಂದು ಕೊಡೆ. ಔಷಧದಂಗಡಿಯ ಹುಡುಗ ಶು ಶಿಯಾನ್ ಜೊತೆ ಮದುವೆ. ಫಾಹಾಯ್ ಎಂಬ ಸನ್ಯಾಸಿ ಇಬ್ಬರನ್ನೂ ಅಗಲಿಸಿ, ಅವಳನ್ನು ಲೈಫೆಂಗ್ ಗೋಪುರದ ಕೆಳಗೆ ಹೂತುಬಿಡುತ್ತಾನೆ.

ಪ್ರಶ್ನೆ: ನಮ್ಮದು ಒಂದು ಕೋಣೆಯಷ್ಟೇ ಜಾಗ. ಕಥೆಯಲ್ಲಿ ಸರೋವರ, ದೋಣಿ, ಪ್ರವಾಹ ಎಲ್ಲಾ ಇವೆ. ಆಡಲು ಆಗುತ್ತದಾ?

ಆಗುತ್ತದೆ. ಜಾಗ ಚಿಕ್ಕದು ಅಂತ ಬೇಜಾರು ಬೇಡ. ಚೀನಾದಲ್ಲಿ ಕಿರುರಂಗಮಂದಿರದ ಅಲೆ ಶುರುವಾಗಿದ್ದು 1982ರಲ್ಲಿ. ಲಿನ್ ಝಾವೊಹುವಾ ಬೀಜಿಂಗ್‌ನಲ್ಲಿ ಆಡಿಸಿದ ಆ ಮೊದಲ ನಾಟಕ ಪೂರ್ತಿ ನಡೆಯುವುದು ಗೂಡ್ಸ್ ರೈಲಿನ ಒಂದು ಡಬ್ಬಿಯಲ್ಲಿ. ಪ್ರೇಕ್ಷಕರು ಮೂಗಿನ ಹತ್ತಿರವೇ ಕೂತಿದ್ದರು.

ಅದಕ್ಕೂ ಹಿಂದಿನದು ಪೀಕಿಂಗ್ ಒಪೆರಾ, ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕ. ಅಲ್ಲಿ ಒಂದು ಮೇಜು, ಎರಡು ಕುರ್ಚಿ ಇದ್ದರೆ ರಂಗಸಜ್ಜಿಕೆ ಮುಗಿಯಿತು. ಅದೇ ಮೇಜು ಬೆಟ್ಟವಾಗುತ್ತದೆ, ಮಂಚವಾಗುತ್ತದೆ. ದೋಣಿ ಬೇಕಾದರೆ ಒಬ್ಬನ ಕೈಗೆ ಹುಟ್ಟು ಕೊಡುತ್ತಾರೆ, ಅಷ್ಟೆ. ‘ಶರತ್ಕಾಲದ ನದಿ’ ಅಂತ ಒಂದು ಹೆಸರಾಂತ ದೃಶ್ಯವಿದೆ, ಮುದುಕ ಅಂಬಿಗ ಮತ್ತು ಎಳೆಯ ಸನ್ಯಾಸಿನಿಯದು. ಅವನು ಮೊಣಕಾಲು ಬಗ್ಗಿಸಿದಾಗ ಅವಳು ಮೇಲೇಳುತ್ತಾಳೆ, ಅವನು ಎದ್ದಾಗ ಅವಳು ಕುಸಿಯುತ್ತಾಳೆ. ದೋಣಿ ಇಲ್ಲವೇ ಇಲ್ಲ, ಆದರೂ ನೋಡುವವರಿಗೆ ತಲೆ ಸುತ್ತುತ್ತದೆ. ಮೊದಲು ಇದನ್ನೇ ಅಭ್ಯಾಸ ಮಾಡಿ. ಮಾತು ಬೇಡ, ಮೊಣಕಾಲು ಸಾಕು.

ಪ್ರವಾಹದ ವಿಷಯ. ಫಾಹಾಯ್ ಹಿಡಿದಿಟ್ಟ ಗಂಡನನ್ನು ಬಿಡಿಸಿಕೊಳ್ಳಲು ಅವಳು ಝೆನ್‌ಜಿಯಾಂಗ್‌ನ ಜಿನ್‌ಶಾನ್ ದೇವಾಲಯದ ಮೇಲೆ ನೀರು ಏರಿಸುತ್ತಾಳೆ. ಒಪೆರಾದವರು ಅಲೆ ಬರೆದ ಬಾವುಟ ಬೀಸುತ್ತಾರೆ, ಲಾಗ ಹಾಕುತ್ತಾರೆ, ಎಸೆದ ಈಟಿಗಳನ್ನು ಕಾಲಲ್ಲೇ ಒದ್ದು ವಾಪಸ್ ಕಳಿಸುತ್ತಾರೆ. ಅದಕ್ಕೆ ಚಿಕ್ಕಂದಿನಿಂದ ಪಳಗಿದ ಮೈ ಬೇಕು. ನೀವು ಫಾಹಾಯ್‌ನನ್ನು ಮೇಜಿನ ಮೇಲೆ ನಿಲ್ಲಿಸಿ. ಅವನು ಅಲುಗಾಡಬಾರದು. ಕೆಳಗಿದ್ದವರು ನಿಧಾನಕ್ಕೆ ನಿಲುವಂಗಿಯ ಅಂಚು ಎತ್ತಿಕೊಳ್ಳಲಿ: ಪಾದ, ಮೊಣಕಾಲು, ಸೊಂಟ. ನೀರು ಬಂದಾಯಿತು. ದಯವಿಟ್ಟು ನೀಲಿ ಬಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಎಳೆಯಬೇಡಿ. ನಾನು ಮೂಲತಃ ಲೈಟಿಂಗ್‌ನವನು. ಆ ನೀಲಿ ಬಟ್ಟೆಗೆ ಬೆಳಕು ಕೊಟ್ಟು ಕೊಟ್ಟು ಸಾಕಾಗಿದೆ.

ಪ್ರಶ್ನೆ: ಅವಳು ಹಾವಾಗುವ ದೃಶ್ಯಕ್ಕೆ ಬೊಂಬೆ ಮಾಡಿಸೋಣವಾ, ಇಲ್ಲ ಪರದೆ ಮೇಲೆ ವಿಡಿಯೊ ಬಿಡೋಣವಾ?

ಎರಡೂ ಬೇಡ. ಹಾವನ್ನು ತೋರಿಸಲೇಬೇಡಿ.

ದೃಶ್ಯದಲ್ಲಿ ನಡೆಯುವುದೇನು ನೋಡಿ. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ, ಡ್ರ್ಯಾಗನ್ ದೋಣಿ ಹಬ್ಬ. ಹಾವು, ಹುಳು ಹತ್ತಿರ ಬಾರದಿರಲಿ ಅಂತ ಆವತ್ತು ಮದ್ಯಕ್ಕೆ ರಿಯಲ್ಗಾರ್ ಪುಡಿ ಬೆರೆಸಿ ಕುಡಿಯುವ ರೂಢಿ. ಕೆಂಪು-ಕಿತ್ತಳೆ ಬಣ್ಣದ ಖನಿಜ ಅದು, ಆರ್ಸೆನಿಕ್ ಇರುವಂಥದ್ದು. ಗಂಡ ಒತ್ತಾಯ ಮಾಡುತ್ತಾನೆ. ಅವಳು ಬಸುರಿ. ಬೇಡ ಅಂದರೆ ಅನುಮಾನ, ಕುಡಿದರೆ ಅಪಾಯ. ಕುಡಿಯುತ್ತಾಳೆ. ಒಳಗೆ ಹೋಗಿ ಮಲಗುತ್ತಾಳೆ. ಸ್ವಲ್ಪ ಹೊತ್ತಿಗೆ ಅವನು ಮಂಚದ ಪರದೆ ಸರಿಸುತ್ತಾನೆ. ನೋಡುತ್ತಾನೆ. ಹೆದರಿ ಅಲ್ಲೇ ಸಾಯುತ್ತಾನೆ. ಆಮೇಲೆ ಅವಳು ಕುನ್‌ಲುನ್ ಬೆಟ್ಟದ ಸಂಜೀವಿನಿಯಂಥ ಮೂಲಿಕೆ ಕದ್ದು ತಂದು ಅವನನ್ನು ಬದುಕಿಸುತ್ತಾಳೆ.

ಇಷ್ಟು ದಿನ ಪಕ್ಕದಲ್ಲಿ ಮಲಗಿದ್ದವಳು ಯಾರು ಅಂತ ಒಬ್ಬ ಗಂಡಸಿಗೆ ಗೊತ್ತಾಗುವ ಗಳಿಗೆ ಅದು. ನೋಡಬೇಕಾದ್ದು ಅವನ ಮುಖ. ಬೊಂಬೆ ತಂದರೆ ಜನ ಬೊಂಬೆಯ ಹೊಲಿಗೆ ನೋಡುತ್ತಾರೆ, ಅಲ್ವಾ? ಮಂಚದ ಬೆನ್ನು ಪ್ರೇಕ್ಷಕರ ಕಡೆ ಇರಲಿ, ನಟ ನಮ್ಮ ಕಡೆ ಮುಖ ಮಾಡಿ ಪರದೆ ಸರಿಸಲಿ. ಒಂದೇ ದೀಪ, ಕೆಳಗಿನಿಂದ, ಮಂಚದ ಒಳಗಿನಿಂದ ಬಂದಂತೆ. ಬಿಳಿಯದೇ ಇರಲಿ. ದೀಪಕ್ಕೆ ಹಸಿರು ಜೆಲ್, ಅಂದರೆ ಬಣ್ಣದ ಹಾಳೆ, ಹಾಕಬೇಕು ಅಂತ ಯಾರಾದರೂ ಹೇಳಿದರೆ ಅವರನ್ನು ಟೀ ತರಲು ಕಳಿಸಿ.

ಪ್ರಶ್ನೆ: ಒಂದೊಂದು ಕಡೆ ಒಂದೊಂದು ಮುಕ್ತಾಯ ಇದೆ. ಸರಿಯಾದದ್ದು ಯಾವುದು?

ಸರಿಯಾದದ್ದು ಅಂತ ಒಂದಿಲ್ಲ. 1624ರಲ್ಲಿ ಫೆಂಗ್ ಮೆಂಗ್‌ಲೊಂಗ್ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಗಂಡ ತಾನೇ ಫಾಹಾಯ್ ಕೊಟ್ಟ ಭಿಕ್ಷಾಪಾತ್ರೆಯನ್ನು ಹೆಂಡತಿಯ ತಲೆ ಮೇಲೆ ಒತ್ತಿ ಹಿಡಿದು ಅವಳನ್ನು ಸೆರೆಹಿಡಿಯುತ್ತಾನೆ. ಆಮೇಲೆ ಚಂದಾ ಎತ್ತಿ ಗೋಪುರ ಕಟ್ಟಿಸಿ ಸನ್ಯಾಸಿಯಾಗುತ್ತಾನೆ! ಅಲ್ಲಿ ಜೊತೆಗಾತಿ ಹಾವೂ ಅಲ್ಲ, ಮೀನು. 1771ರಲ್ಲಿ ಫಾಂಗ್ ಚೆಂಗ್‌ಪೈ ಬರೆದ ನಾಟಕದ ಹೊತ್ತಿಗೆ ಅವಳ ಮೇಲೆ ಕನಿಕರ ಬಂದಿದೆ. 20ನೇ ಶತಮಾನದ ಮಧ್ಯದಲ್ಲಿ ತಿಯಾನ್ ಹಾನ್ ಬರೆದ ಒಪೆರಾದಲ್ಲಿ ಶಿಯಾವೊಚಿಂಗ್ ವಾಪಸ್ ಬಂದು ಗೋಪುರ ಉರುಳಿಸುತ್ತಾಳೆ. ಮಗ ದೊಡ್ಡವನಾಗಿ ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸಾಗಿ ತಾಯಿಯನ್ನು ಬಿಡಿಸುವ ಮುಕ್ತಾಯವೂ ಇದೆ, ಅದು ನನಗೆ ಸ್ವಲ್ಪ ಸಪ್ಪೆ.

ನಿಜವಾದ ಲೈಫೆಂಗ್ ಗೋಪುರವೂ ಬಿತ್ತು, 1924ರ ಸೆಪ್ಟೆಂಬರ್ 25ರಂದು. ಅದರ ಇಟ್ಟಿಗೆ ಮನೆಗೆ ಒಳ್ಳೆಯದು ಅಂತ ಜನ ಕಿತ್ತು ಕಿತ್ತು ಒಯ್ದಿದ್ದರು. ಚೀನಾದ ಲೇಖಕ ಲು ಶುನ್ ಖುಷಿಯಾಗಿ ಒಂದು ಲೇಖನ ಬರೆದರು. ಫಾಹಾಯ್ ಓಡಿಹೋಗಿ ಏಡಿಯ ಚಿಪ್ಪಿನಲ್ಲಿ ಅಡಗಿಕೊಂಡ, ಈಗಲೂ ಅಲ್ಲೇ ಇದ್ದಾನೆ ಅನ್ನುವ ಜನರ ಮಾತನ್ನೂ ಅದರಲ್ಲಿ ಸೇರಿಸಿದರು. 2002ರಲ್ಲಿ ಹೊಸ ಗೋಪುರ ಎದ್ದಿದೆ, ಲಿಫ್ಟ್ ಸಮೇತ.

ನನ್ನ ಆಯ್ಕೆ 1624ರ ಗಂಡ. ಒಂದು ಕೋಣೆಯ ನಾಟಕಕ್ಕೆ ದೇವಾಲಯದ ಯುದ್ಧಕ್ಕಿಂತ ಆ ಪಾತ್ರೆ ಹಿಡಿದ ಕೈ ಜಾಸ್ತಿ ಹೆದರಿಸುತ್ತದೆ.

ಪ್ರಶ್ನೆ: ಮುಖಕ್ಕೆ ಪೀಕಿಂಗ್ ಒಪೆರಾದ ಬಣ್ಣ ಹಚ್ಚಬೇಕಾ?

ಬೇಡ. ಅದು ವರ್ಷಗಟ್ಟಲೆ ಕಲಿಯುವ ವಿದ್ಯೆ, ಸುಮ್ನೆ ಮೇಲಿಂದ ಬಳಿದುಕೊಂಡರೆ ಅಣಕವಾಗುತ್ತದೆ. 1935ರಲ್ಲಿ, ಹೆಣ್ಣುಪಾತ್ರಗಳಿಗೆ ಹೆಸರಾದ ಒಪೆರಾ ನಟ ಮೇ ಲಾನ್‌ಫಾಂಗ್ ಮಾಸ್ಕೋಗೆ ಹೋಗಿದ್ದಾಗ ಬಣ್ಣವಿಲ್ಲದೆ, ಸೂಟಿನಲ್ಲೇ ಹೆಣ್ಣಿನ ನಡೆ ತೋರಿಸಿದ್ದರು. ಅದನ್ನು ನೋಡಿದ ಜರ್ಮನ್ ನಾಟಕಕಾರ ಬ್ರೆಖ್ಟ್ ಬೆರಗಾದರು. ನಿಮಗೂ ಅಷ್ಟು ಸಾಕು.

ಪ್ರಶ್ನೆ: ಒಬ್ಬರು ತಂಡ ಬಿಡುವ ಹಾಗಿದೆ. ಶಿಯಾವೊಚಿಂಗ್ ಪಾತ್ರ ಕೈಬಿಡಬಹುದಾ?

ಅವಳನ್ನು ಮುಟ್ಟಬೇಡಿ, ನಾಟಕದಲ್ಲಿ ಕೋಪ ಇರುವುದೇ ಅವಳಿಗೆ. ಅಂಬಿಗ ಮತ್ತು ಫಾಹಾಯ್ ಇಬ್ಬರನ್ನೂ ಒಬ್ಬರೇ ಮಾಡಲಿ. ದೋಣಿಯಲ್ಲಿ ಜೋಡಿ ಸೇರಿಸಿದವನೇ ಬಿದಿರಿನ ಟೋಪಿ ತೆಗೆದಾಗ ಬೋಳುತಲೆಯ ಸನ್ಯಾಸಿ. ತಲೆ ಬೋಳಿಸಿಕೊಳ್ಳಲು ಯಾರು ತಯಾರಿದ್ದಾರೆ ಅಂತ ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ.