ಗಾಳಿ ರಾತ್ರಿ ಉರಿದು ಸುಡುವ ಒಲೆ, ಬಿಸಿಲು ಬಂದರೆ ಆರುವ ಬೆಂಕಿ

ಪ್ರಶ್ನೆ: ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಹತ್ತಿರ ಒಂದು ಹಳೇ ಮನೆ ತಗೊಂಡಿದ್ದೇವೆ. ನೆಲಮಾಳಿಗೆಯಲ್ಲಿ ಕೈಯಿಂದ ಇದ್ದಲು ತುಂಬುವ ಒಲೆ ಇದೆ. ಉರಿಸೋದು ಆಂಥ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲು, ನಟ್ ಸೈಜು. ಜನವರಿಯಲ್ಲಿ ಗಾಳಿ ಬೀಸಿದ ರಾತ್ರಿ ಒಲೆ ಸಿಕ್ಕಾಪಟ್ಟೆ ಕಾಯುತ್ತಿತ್ತು. ಕೆಳಗಿನ ಗಾಳಿಕಿಂಡಿ ಪೂರ್ತಿ ಮುಚ್ಚಿದರೂ ಬೆಳಗಾಗುವಷ್ಟರಲ್ಲಿ ಇದ್ದಲು ಖಾಲಿ. ಈಗ ಮಾರ್ಚ್‌ನಲ್ಲಿ ಬಿಸಿಲು ಬಂದ ಮಧ್ಯಾಹ್ನ ಬೆಂಕಿ ಮಂಕಾಗಿ ಆರಿಹೋಗುತ್ತೆ. ಮೊನ್ನೆ ಅಡುಗೆ ಮಾಡುವಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿತು, ಕಿಟಕಿ ತೆಗೆದ ಮೇಲೆ ನಿಂತಿತು. ಪಕ್ಕದ ಮನೆಯವರು ಬ್ಯಾರೊಮೆಟ್ರಿಕ್ ಡ್ಯಾಂಪರ್ ಹಾಕಿಸಿ ಅಂತಾರೆ. ಹಾಕಿಸಿದರೆ ಎಲ್ಲ ಸರಿಹೋಗುತ್ತಾ?

ಉತ್ತರ: ಮೊದಲು ಅಲಾರಂ ವಿಷಯ. ಕಾರ್ಬನ್ ಮೊನಾಕ್ಸೈಡ್ ವಿಷಾನಿಲ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಆಂಥ್ರಸೈಟ್‌ನಲ್ಲಿ ಕಣ್ಣಿಗೆ ಕಾಣುವ ಹೊಗೆಯೂ ಇರುವುದಿಲ್ಲ, ಹಾಗಾಗಿ ಕಣ್ಣು ಉರಿದು ಗೊತ್ತಾಗುತ್ತದೆ ಎಂದುಕೊಳ್ಳಬೇಡಿ. ಮತ್ತೆ ಅಲಾರಂ ಕೂಗಿದರೆ ಮನೆಯವರೆಲ್ಲ ತಕ್ಷಣ ಹೊರಗೆ ಬನ್ನಿ, 911ಕ್ಕೆ ಫೋನ್ ಮಾಡಿ. ಕಿಟಕಿ ತೆಗೆದು ಕಾದು ನೋಡುವುದು ಬೇಡ. ಮಲಗುವ ಮಹಡಿಯಲ್ಲೂ ನೆಲಮಾಳಿಗೆಯಲ್ಲೂ ಒಂದೊಂದು ಅಲಾರಂ ಇರಲೇಬೇಕು. ಚಿಮಣಿಯನ್ನು ಯಾರಾದರೂ ತಿಳಿದವರಿಂದ ಪರೀಕ್ಷೆ ಮಾಡಿಸುವ ತನಕ ಒಲೆ ಹಚ್ಚಬೇಡಿ.

ಇನ್ನು ಡ್ಯಾಂಪರ್. ಅದು ನಿಮ್ಮ ಜನವರಿ ತೊಂದರೆಗೆ ಸರಿಯಾದ ಮದ್ದು. ಮಾರ್ಚ್ ತೊಂದರೆಗೆ ಅಲ್ಲ.

ಚಿಮಣಿಯೊಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆ ಗಾಳಿ ಭಾರ. ಆ ವ್ಯತ್ಯಾಸದಿಂದಲೇ ಎಳೆತ ಹುಟ್ಟುತ್ತದೆ. ಹೊರಗೆ ಚಳಿ ಹೆಚ್ಚಾದಷ್ಟೂ ಎಳೆತ ಜಾಸ್ತಿ, ಚಿಮಣಿಯ ತುದಿಯ ಮೇಲೆ ಗಾಳಿ ಬೀಸಿದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಆಗ ನೀವು ಕಿಂಡಿ ಮುಚ್ಚಿದರೂ ಬಾಗಿಲಿನ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ. ಒಂದು ಊದುಬತ್ತಿ ಹಚ್ಚಿ ಬೂದಿ ಬಾಗಿಲಿನ ಅಂಚಿನ ಸುತ್ತ ನಿಧಾನವಾಗಿ ಹಿಡಿಯುತ್ತಾ ಹೋಗಿ. ಎಲ್ಲಿ ಹೊಗೆ ಬಾಗಿ ಒಳಗೆ ನುಗ್ಗುತ್ತದೋ ಅಲ್ಲಿ ಬಾಗಿಲಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹಗ್ಗ ಸವೆದಿದೆ ಎಂದು ಅರ್ಥ. ಅದನ್ನು ಬದಲಾಯಿಸಿ, ಖರ್ಚು ಹೆಚ್ಚಿಲ್ಲ.

ಆಮೇಲೆ ಡ್ಯಾಂಪರ್ ಹಾಕಿಸಿ. ಹೊಗೆಕೊಳವೆಗೆ ಸೇರಿಸುವ ಒಂದು ತೂಗುವ ಮುಚ್ಚಳ ಅದು, ಪಕ್ಕದಲ್ಲಿ ಪುಟ್ಟ ತೂಕ. ಎಳೆತ ಮಿತಿ ಮೀರಿದಾಗ ಮುಚ್ಚಳ ತಾನೇ ತೆರೆದು ಕೋಣೆಯ ಗಾಳಿಯನ್ನು ಕೊಳವೆಗೆ ಬಿಡುತ್ತದೆ. ಚಿಮಣಿ ಆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಂಡದ ಮೇಲಿನ ಎಳೆತ ಇಳಿಯುತ್ತದೆ. ಆದರೆ ತೂಕವನ್ನು ಅಂದಾಜಿನಲ್ಲಿ ತಿರುಗಿಸಿ ಬಿಡಬೇಡಿ. ಎಳೆತ ಅಳೆಯುವ ಮೀಟರ್ ಒಂದನ್ನು ಖಂಡಿತ ತಗೊಳ್ಳಿ: ಮುಳ್ಳಿರುವ ಮ್ಯಾಗ್ನಹೆಲಿಕ್ ಆದರೂ ಸರಿ, ದ್ರವದ ಮಟ್ಟ ತೋರಿಸುವ ಓರೆ ಕೊಳವೆಯ ಮ್ಯಾನೊಮೀಟರ್ ಆದರೂ ಸರಿ. ಅದರ ನಳಿಕೆ ಒಲೆಗೂ ಡ್ಯಾಂಪರಿಗೂ ನಡುವೆ ಕೂರಬೇಕು. ಡ್ಯಾಂಪರ್ ಆಚೆ ಅಳೆದರೆ ಒಲೆಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ.

ಕೈಯಿಂದ ತುಂಬುವ ಆಂಥ್ರಸೈಟ್ ಒಲೆಗೆ ಸಾಮಾನ್ಯವಾಗಿ 0.04ರಿಂದ 0.06 ಇಂಚು ನೀರಿನ ಎಳೆತ ಸಾಕು. ನಿಮ್ಮ ಒಲೆಯ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದೇ ಸರಿ. 0.05 ಇಂಚು ಅಂದರೆ ನೀರಿನ ಮಟ್ಟದಲ್ಲಿ ಒಂದೂಕಾಲು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಇಷ್ಟು ಸಣ್ಣದು ಕಣ್ಣಂದಾಜಿಗೆ ಸಿಗುವುದಿಲ್ಲ ಅಲ್ವಾ? ಗಾಳಿಯಿಲ್ಲದ ಚಳಿ ದಿನ, ಬೆಂಕಿ ಚೆನ್ನಾಗಿ ಹತ್ತಿಕೊಂಡಿರುವಾಗ, ಮುಳ್ಳು 0.05ರ ಹತ್ತಿರ ನಿಲ್ಲುವಂತೆ ತೂಕ ಹೊಂದಿಸಿ.

ಈಗ ಮಾರ್ಚ್ ಕಥೆ. ಹೊರಗೆ 10 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಎಳೆತ ತಾನಾಗಿ ಬಡವಾಗುತ್ತದೆ. ಇಲ್ಲದ ಎಳೆತವನ್ನು ಡ್ಯಾಂಪರ್ ಹುಟ್ಟಿಸಲಾರದು. ಕೊಳವೆಯಲ್ಲಿ ಕೈಯಿಂದ ತಿರುಗಿಸುವ ತಗಡೇನಾದರೂ ಇದ್ದರೆ ಈ ದಿನಗಳಲ್ಲಿ ಅದನ್ನು ಪೂರ್ತಿ ತೆರೆದಿಡಿ. ಚಳಿಗಾಲಕ್ಕೆಂದು ಅರ್ಧ ಮುಚ್ಚಿ ಮರೆತ ತಗಡು ವಸಂತದಲ್ಲಿ ತುಂಬ ಅಪಾಯ.

ಅಲಾರಂ ಅಡುಗೆ ಹೊತ್ತಿಗೇ ಕೂಗಿದ್ದು ನನಗೆ ಮುಖ್ಯ ಸುಳಿವು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲೇ ನಾವು ಎಕ್ಸಾಸ್ಟ್ ಫ್ಯಾನನ್ನು ಜೋರಿಗೆ ಇಡುತ್ತೇವೆ. ಆ ಫ್ಯಾನ್ ಹೊರಗೆ ತಳ್ಳುವ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕಲ್ಲ. ಕಿಟಕಿಗಳೆಲ್ಲ ಬಿಗಿಯಾಗಿದ್ದರೆ ಅದು ಚಿಮಣಿಯಿಂದಲೇ ಇಳಿಯುತ್ತದೆ, ಒಲೆಯ ಅನಿಲವನ್ನೂ ಜೊತೆಗೆ ತರುತ್ತದೆ. ಚಿಮಣಿ ಪರೀಕ್ಷೆಗೆ ಬಂದವರು ಇರುವಾಗಲೇ ಇದನ್ನು ನೋಡಿಬಿಡಿ. ಕಿಟಕಿ ಬಾಗಿಲು ಮುಚ್ಚಿ. ಅಡುಗೆಮನೆ ಫ್ಯಾನ್, ಬಚ್ಚಲಿನ ಫ್ಯಾನ್, ಬಟ್ಟೆ ಒಣಗಿಸುವ ಡ್ರೈಯರ್ ಒಂದೊಂದಾಗಿ ಹಾಕಿ, ಮುಳ್ಳು ನೋಡುತ್ತಾ ಹೋಗಿ. 0.05ರಲ್ಲಿ ಇದ್ದದ್ದು 0.02ಕ್ಕೆ ಬಿದ್ದರೆ ತಪ್ಪು ಚಿಮಣಿಯದ್ದಲ್ಲ, ಮನೆಗೆ ಗಾಳಿ ಸಾಲುತ್ತಿಲ್ಲ. ನೆಲಮಾಳಿಗೆಯ ಕಿಟಕಿಯನ್ನು ಎರಡು ಬೆರಳು ತೆರೆದು ನೋಡಿ, ಮುಳ್ಳು ಮೇಲೇರಬೇಕು. ಹಾಗಾದರೆ ಒಲೆಯಿರುವ ಕೋಣೆಗೆ ಹೊರಗಿನ ಗಾಳಿ ಬರುವ ಕಾಯಂ ದಾರಿ ಮಾಡಿಸಿ. ಮಹಡಿ ಮೇಲಿನ ಕಿಟಕಿ ತೆರೆಯಬೇಡಿ. ಬಿಸಿ ಗಾಳಿ ಅಲ್ಲಿಂದ ಹೊರಟು ನೆಲಮಾಳಿಗೆಯ ಒತ್ತಡ ಇನ್ನೂ ಇಳಿಯುತ್ತದೆ, ಮನೆಯೇ ಚಿಮಣಿಗೆ ಎದುರಾಳಿಯಾಗುತ್ತದೆ.

ಬೂದಿಯನ್ನೂ ಮರೆಯಬೇಡಿ. ಆಂಥ್ರಸೈಟ್‌ಗೆ ಗಾಳಿ ಜಾಲರಿಯ ಕೆಳಗಿನಿಂದಲೇ ಬೇಕು. ಜಾಲರಿ ಬೂದಿಯಿಂದ ಕಟ್ಟಿಕೊಂಡರೆ ಎಳೆತ ಚೆನ್ನಾಗಿದ್ದರೂ ಬೆಂಕಿ ಸಾಯುತ್ತದೆ, ಜನ ಸುಮ್ನೆ ಚಿಮಣಿಯನ್ನು ಬೈಯುತ್ತಾರೆ. ಚಳಿಯಲ್ಲಿ ಕೆಂಡ ಕೆಳಗೆ ಬೀಳಲು ಶುರುವಾಗುವ ತನಕ ಜಾಲರಿ ಅಲ್ಲಾಡಿಸಿ. ಹೊಸ ಇದ್ದಲು ಹಾಕುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಿ, ಮೇಲೇಳುವ ಅನಿಲ ಅಲ್ಲೇ ಹತ್ತಿಕೊಂಡು ನೀಲಿ ಜ್ವಾಲೆಯಾಗುತ್ತದೆ. ಪೂರ್ತಿ ಮುಚ್ಚಿದರೆ ಅನಿಲ ಒಳಗೇ ಕೂಡಿಕೊಂಡು ಒಮ್ಮೆಲೇ ಭುಗಿಲ್ ಎಂದು ಸಿಡಿಯಬಹುದು. ಬೂದಿ ಬಾಗಿಲು ತೆರೆದಿಟ್ಟು ಅತ್ತ ಹೋಗುವುದಂತೂ ಬೇಡವೇ ಬೇಡ. ಕೆಲವೇ ನಿಮಿಷದಲ್ಲಿ ಒಲೆ ಕೈ ಮೀರುತ್ತದೆ.

ಬಿಸಿಲಿನ ದಿನ ನನ್ನ ಸಲಹೆ ನೇರ: ಮುಳ್ಳು ಕೈಪಿಡಿ ಹೇಳಿದ್ದಕ್ಕಿಂತ ಕೆಳಗೇ ನಿಂತಿದ್ದರೆ ಒಲೆ ಆರಲು ಬಿಡಿ. ಆರುವಾಗಲೂ ಅನಿಲ ಬರುತ್ತದೆ, ಅಲಾರಂ ಮೇಲೆ ಗಮನ ಇರಲಿ. ಆ ವಾರಗಳಿಗೆ ಬೇರೆ ಹೀಟರ್ ಇಟ್ಟುಕೊಳ್ಳಿ.

ಋತು ಮುಗಿದ ಕೂಡಲೇ ಕೊಳವೆ ಬಿಚ್ಚಿ ಹಾರುಬೂದಿ ತೆಗೆಯಿರಿ. ಅಡ್ಡ ಕೊಳವೆಯಲ್ಲೂ ಚಿಮಣಿಯ ಬುಡದಲ್ಲೂ ಅದು ರಾಶಿ ಬಿದ್ದಿರುತ್ತದೆ. ಬೇಸಿಗೆಯ ತೇವ ಸೇರಿದರೆ ಆಮ್ಲವಾಗಿ ತಗಡನ್ನು ತಿನ್ನುತ್ತದೆ.

ಪ್ರಶ್ನೆ: ನಮ್ಮದೂ ಅದೇ ತರಹದ ಒಲೆ, ಡ್ಯಾಂಪರ್ ಇದೆ. ಅಕ್ಟೋಬರ್‌ನಲ್ಲಿ ಕಟ್ಟಿಗೆ ಉರಿಸಬಹುದಾ?

ಉತ್ತರ: ಕೈಪಿಡಿ ಕಟ್ಟಿಗೆಗೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ, ಅದೂ ಡ್ಯಾಂಪರ್ ಮುಚ್ಚಳ ಅಲ್ಲಾಡದಂತೆ ಭದ್ರವಾಗಿ ಮುಚ್ಚಿ. ಕಟ್ಟಿಗೆ ಹೊಗೆಯಿಂದ ಚಿಮಣಿಯಲ್ಲಿ ಎಣ್ಣೆಯಂಥ ಕರಿ ಕಟ್ಟುತ್ತದೆ. ಡ್ಯಾಂಪರ್ ಬಿಡುವ ತಣ್ಣನೆ ಗಾಳಿಗೆ ಅದು ಇನ್ನೂ ಜಾಸ್ತಿ. ಆ ಕರಿಗೆ ಬೆಂಕಿ ಹತ್ತಿತೋ, ಅದೇ ಮುಚ್ಚಳ ತೆರೆದುಕೊಂಡು ಬೆಂಕಿಗೆ ಗಾಳಿ ಊದುತ್ತದೆ. ಇದ್ದಲಿಗೆ ಮರಳುವ ಮೊದಲು ಚಿಮಣಿ ಗುಡಿಸಿಸಿ, ಮುಚ್ಚಳ ಬಿಡಿಸಿ, ಮೀಟರ್ ನೋಡಿ ಮತ್ತೆ ಹೊಂದಿಸಿ.