ಸರ್ಕಲ್‌ನಲ್ಲಿ ಜಾಮ್, ಸಿಮ್ಯುಲೇಶನ್‌ನಲ್ಲಿ ಖಾಲಿ ರಸ್ತೆ

ಪ್ರಶ್ನೆ: ಪ್ರಾಜೆಕ್ಟಿಗೆಂದು ನಮ್ಮೂರಿನ ಒಂದು ಸಿಗ್ನಲ್ ಸರ್ಕಲ್ಲನ್ನು ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ‘ಸುಮೊ’ ತಂತ್ರಾಂಶದಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ರಸ್ತೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ಇಳಿಸಿಕೊಂಡೆ, ಸಂಜೆ ಸಿಗ್ನಲ್ ಪಕ್ಕ ನಿಂತು ವಾಹನ ಎಣಿಸಿದೆ. ಅಲ್ಲಿ ಅರ್ಧ ಕಿಲೋಮೀಟರ್ ಸಾಲು. ಕಂಪ್ಯೂಟರಿನಲ್ಲಿ ಹತ್ತು ವಾಹನವೂ ನಿಲ್ಲುವುದಿಲ್ಲ. ಕೆಲವು ಮಾಯವೂ ಆಗುತ್ತವೆ. ತಪ್ಪೆಲ್ಲಿದೆ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದೊಡ್ಡ ತಪ್ಪು ಎಣಿಸಿದ ಜಾಗದಲ್ಲೇ ಇದೆ. ಸ್ಟಾಪ್ ಲೈನ್ ಬಳಿ ಸಿಗುವುದು ಸಿಗ್ನಲ್ ಎಷ್ಟು ವಾಹನ ಬಿಟ್ಟಿತು ಎಂಬ ಲೆಕ್ಕ. ಎಷ್ಟು ಬಂದವು ಎಂಬುದಲ್ಲ. ಉದಾಹರಣೆಗೆ, ಗಂಟೆಗೆ 1,500 ಬಂದು 1,200 ದಾಟಿದರೆ ಉಳಿದ 300ರಿಂದಲೇ ಸಾಲು ಬೆಳೆಯುವುದು. ಮಾಡೆಲ್‌ಗೆ ಬರೀ 1,200 ಕೊಟ್ಟರೆ ಸಾಲು ಎಲ್ಲಿಂದ ಬರಬೇಕು? ಸಾಲಿನ ಬಾಲಕ್ಕಿಂತ ಹಿಂದೆ ನಿಂತು, ಬೈಕ್, ಆಟೊ, ಕಾರು, ಬಸ್ ಬೇರೆ ಬೇರೆಯಾಗಿ, 15 ನಿಮಿಷಕ್ಕೊಂದು ಲೆಕ್ಕದಂತೆ ಎಣಿಸಿ. ಯಾರು ಎತ್ತ ತಿರುಗಿದರು ಎಂಬುದಕ್ಕೆ ಹಳೆಯ ಎಣಿಕೆ ಸಾಕು.

ವಾಹನ ಮಾಯವಾಗುವುದಕ್ಕೆ ‘ಟೆಲಿಪೋರ್ಟ್’ ಕಾರಣ. 300 ಸೆಕೆಂಡ್ ಕದಲದೆ ನಿಂತ ವಾಹನವನ್ನು ಸುಮೊ ಎತ್ತಿ ಮುಂದಿನ ರಸ್ತೆಗೆ ಹಾಕುತ್ತದೆ. ‘ಟೈಮ್-ಟು-ಟೆಲಿಪೋರ್ಟ್’ ಸೆಟ್ಟಿಂಗನ್ನು -1 ಮಾಡಿದರೆ ಇದು ನಿಲ್ಲುತ್ತದೆ. ಆಗ ಎಲ್ಲಾದರೂ ಪೂರ್ತಿ ಕಚ್ಚಿಕೊಂಡರೆ ಒಳ್ಳೆಯದೇ, ನಕ್ಷೆಯ ದೋಷ ಅಲ್ಲೇ ಸಿಗುತ್ತದೆ. ಒಂದೇ ಸರ್ಕಲ್ ಮೂರ್ನಾಲ್ಕು ಜಂಕ್ಷನ್ ಆಗಿ ಒಡೆದು, ಪ್ರತಿಯೊಂದಕ್ಕೂ ಬೇರೆ ದೀಪ ಬಂದಿರುವುದು ತೀರಾ ಸಾಮಾನ್ಯ. ಅವನ್ನು ಸೇರಿಸಿ. ದೀಪದ ಸಮಯವೂ ತಂತ್ರಾಂಶದ ಊಹೆ. ಸ್ಟಾಪ್‌ವಾಚ್ ಹಿಡಿದು ಅಳೆದದ್ದನ್ನು ಹಾಕಿ. ಎಡಬದಿಯ ಸಂಚಾರ ಆಯ್ಕೆಯಾಗಿದೆಯೇ ನೋಡಿ.

ಸುಮೊ ರಸ್ತೆ ತುಂಬಿದಾಗ ಹೊಸ ವಾಹನಗಳನ್ನು ನಕ್ಷೆಯ ಹೊರಗೇ ಕಾಯಿಸುತ್ತದೆ; ಆ ಸಾಲು ಪರದೆಗೆ ಬರುವುದೇ ಇಲ್ಲ. ಬರುವ ರಸ್ತೆ ಒಂದು ಕಿಲೋಮೀಟರಾದರೂ ಉದ್ದವಿರಲಿ.

ಇಷ್ಟಾದ ಮೇಲೆ ಸಾಲು ನಿಜಕ್ಕಿಂತ ಉದ್ದವಾಗಬಹುದು, ಏಕೆಂದರೆ ಮೂಲ ಸೆಟ್ಟಿಂಗ್‌ನಲ್ಲಿ ಒಂದು ಬೈಕ್ ಇಡೀ ಲೇನ್ ಹಿಡಿಯುತ್ತದೆ. ಲೇನನ್ನು ಅಗಲದಲ್ಲಿ ಸಣ್ಣ ಪಟ್ಟಿಗಳಾಗಿ ಒಡೆಯುವ ‘ಲ್ಯಾಟರಲ್-ರೆಸಲ್ಯೂಶನ್’ಗೆ 0.8 ಮೀಟರ್ ಕೊಟ್ಟರೆ ಬೈಕುಗಳು ಅಕ್ಕಪಕ್ಕ ನಿಲ್ಲುತ್ತವೆ, ಸಂದಿಯಲ್ಲಿ ನುಗ್ಗುತ್ತವೆ. ಪಕ್ಕದ ಅಂತರ ಮೊದಲೇ 0.6 ಮೀಟರ್ ಎಂದಿರುತ್ತದೆ. ನಮ್ಮ ಸವಾರರಿಗೆ ಅಷ್ಟು ಬೇಕಿಲ್ಲ, ವಿಡಿಯೊ ನೋಡಿ ಇಳಿಸಿ.

ಸುಮೊ ಪ್ರತಿ ಸಲವೂ ಒಂದೇ ಯಾದೃಚ್ಛಿಕ ಬೀಜಸಂಖ್ಯೆಯಿಂದ (ಆಕಸ್ಮಿಕ ಏರಿಳಿತಗಳನ್ನು ಹುಟ್ಟಿಸುವ ಆರಂಭದ ಸಂಖ್ಯೆ, 23423) ಶುರುವಾಗುವುದರಿಂದ ನೂರು ಸಲ ಓಡಿಸಿದರೂ ಅದೇ ಉತ್ತರ. ಬೀಜ ಬದಲಿಸುತ್ತ ಕನಿಷ್ಠ 10 ಸಲ ಓಡಿಸಿ, ರಸ್ತೆ ಖಾಲಿಯಿಂದ ತುಂಬುವ ಮೊದಲ 15 ನಿಮಿಷ ಬಿಟ್ಟು ಸರಾಸರಿಯ ಜೊತೆ ಏರಿಳಿತವನ್ನೂ ಬರೆಯಿರಿ. ತಾಳೆ ನೋಡುವುದು ಬೇರೊಂದು ದಿನ ಅಳೆದ ಸಾಲಿನ ಉದ್ದದ ಜೊತೆ ಇರಲಿ; ಒಳಗೆ ಕೊಟ್ಟ ಎಣಿಕೆಯೊಂದಿಗೇ ಹೋಲಿಸಿದರೆ ಮಾಡೆಲ್ ಸರಿಯಿದೆಯೋ ಇಲ್ಲವೋ ತಿಳಿಯುವುದಿಲ್ಲ.